ಸ್ಪೇನಿನ ಕೊರಳಿಗೆ ಗುಳೇದಗುಡ್ಡದ ಗಂಜಿ

ಬೆಳಗಿನ ಐದೂಕಾಲು. ಕೋಟೆಯ ಮಣ್ಣುದಿಬ್ಬದ ಹೊಟ್ಟೆಯೊಳಗೆ, ಹಿಂದೊಮ್ಮೆ ಮದ್ದಿನ ಪೀಪಾಯಿಗಳನ್ನು ಇಡುತ್ತಿದ್ದ ಕಮಾನಿನ ಕೋಣೆಯಲ್ಲಿ, ಅಕ್ಕಿ ಗಂಜಿಯ ವಾಸನೆ ತುಂಬಿದೆ. ಹೊರಗೆ ಕಾಲುವೆಯ ಮೇಲೆ ಬೆಳಕು ಈಗಷ್ಟೇ ಇಳಿಯುತ್ತಿದೆ. ಬಾತುಕೋಳಿಗಳು ಆಗಲೇ ಜಗಳ ಶುರು ಮಾಡಿವೆ. ಉದ್ದನೆಯ ಮೇಜಿನ ಮುಂದೆ ನಿಂತ ಮಹಾದೇವಕ್ಕನ ಬಲಗೈಯಲ್ಲಿ ಕಾದ ಕೋಲೊಂದಿದೆ. ಕೂದಲನ್ನು ಗುಂಗುರು ಮಾಡಿಕೊಳ್ಳುವ ವಿದ್ಯುತ್ ಕೋಲು ಅದು; ಮಗಳು ವಾಣಿಶ್ರೀ ಕೆಲಸ ಸಿಕ್ಕಿ ಬೇರೆ ಊರಿಗೆ ಹೋಗುವಾಗ ಬಿಟ್ಟುಹೋದದ್ದು. ಒದ್ದೆ ಬಟ್ಟೆಯ ಒಂದು ನಿರಿಗೆಯೊಳಗೆ ಅದನ್ನು ತೂರಿಸಿ ಮಹಾದೇವಕ್ಕ ಎರಡು ಬಾರಿ ‘ಓಂ ನಮಃ ಶಿವಾಯ’ ಅನ್ನುತ್ತಾರೆ. ಕೋಲು ಹೊರಗೆ. ಸುಂಯ್ ಎಂದು ಸಣ್ಣ ಆವಿ. ಮುಂದಿನ ನಿರಿಗೆ.

“ಒಂದು ಸಲ ಅಂದ್ರ ಹಸಿ ಉಳೀತೈತ್ರಿ. ಮೂರು ಸಲ ಅಂದ್ರ ಕಂದು ಕಲಿ ಬೀಳ್ತೈತಿ. ಎರಡು ಸಲಕ್ಕ ಸರಿ ಕೂಡ್ತೈತಿ,” ಎನ್ನುತ್ತಾರೆ ಪತ್ರಿಕೆಗೆ ಬರೆಯಲು ಬಂದವರಿಗೆ, ತಲೆ ಎತ್ತದೆ. “ಗಡಿಯಾರ ನೋಡ್ಕೋತ ಕುಂತ್ರ ಕೈ ಸುಟ್ಕೋಬೇಕಾಗ್ತೈತಿ. ನಾಮಕ್ಕ ಕಣ್ಣು ಬೇಕಾಗಿಲ್ಲ.”

ಕೈಯಲ್ಲಿರುವುದು ಒಂದು ಕೊರಳಪಟ್ಟಿ. ನಾನೂರೈವತ್ತು ವರ್ಷಗಳ ಹಿಂದೆ ಸ್ಪೇನಿನ ದಂಡನಾಯಕರು ಕುತ್ತಿಗೆಯ ಸುತ್ತ ಹರಿವಾಣದಂತೆ ಧರಿಸುತ್ತಿದ್ದ, ನಿರಿಗೆ ನಿರಿಗೆಯಾದ ಬಿಳಿ ಪಟ್ಟಿ. ಹಳೆಯ ಚಿತ್ರಗಳಲ್ಲಿ ನೋಡಿದವರಿಗೆ ನೆನಪಿರುತ್ತದೆ, ತಲೆಯನ್ನು ತಟ್ಟೆಯಲ್ಲಿಟ್ಟು ಬಡಿಸಿದ ಹಾಗೆ. ಡಚ್ಚರು ಇದನ್ನು ಬೀಸುಕಲ್ಲಿನ ಪಟ್ಟಿ ಎಂದು ಕರೆಯುತ್ತಾರೆ. “ಹೆಸರೇನೋ ಕಲ್ಲು, ಜೀವ ನೋಡಿದ್ರ ಹಪ್ಪಳದ್ದು,” ಎಂಬುದು ಹನ್ನೊಂದು ವರ್ಷಗಳಿಂದ ಅದನ್ನು ಒಗೆದು, ಗಂಜಿ ಹಾಕಿ, ನಿಲ್ಲಿಸುತ್ತಿರುವ ಮಹಾದೇವಕ್ಕನ ತೀರ್ಪು.

ಇವತ್ತು ಲಾಗೆಸ್ಖಾನ್ಸ್ ಹುಟ್ಟಿದ ದಿನ. ಡಚ್ಚರ ನಾಡಿನ ಲೈಡನ್ನಿನಿಂದ ನೂರ್ಡ್‌ವೈಕ್ ಕಡೆಗೆ ಹೋಗುವ ಬಸ್ಸಿನಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ದಾಟಿಹೋಗುವ ಊರು. ಜನಸಂಖ್ಯೆ ನಾಲ್ಕು ಸಾವಿರ. ಆದರೂ ಯಾರಾದರೂ ಹಳ್ಳಿ ಅಂದುಬಿಟ್ಟರೆ ಇಲ್ಲಿನವರು ನಿಂತು ತಿದ್ದುತ್ತಾರೆ: ನಗರ. ಮುತ್ತಿಗೆ ಹಾಕಲು ಬಂದ ಸ್ಪೇನಿನ ಸೈನ್ಯ ಈ ತಗ್ಗು ನೆಲದಲ್ಲಿ ಮಣ್ಣಿನ ಕೋಟೆ ಕಟ್ಟಿತು, ನೀರೇರಿದಾಗ ಬಿಟ್ಟು ಓಡಿತು, ಸುತ್ತಲ ಹಸಿದ ಜನ ಅದರೊಳಗೆ ಹೊಕ್ಕು ಒಲೆ ಹೊತ್ತಿಸಿದರು ಎಂಬುದು ಊರಿನ ಕಥೆ. ಕಟ್ಟಿದವನು ಶತ್ರು, ಬಾಳಿದವರು ತಾವು. ಆದ್ದರಿಂದ ಪ್ರತಿ ವರ್ಷ ಜೂನ್ ತಿಂಗಳ ಮೊದಲ ಶನಿವಾರ ಅರ್ಧ ಊರು ಸ್ಪೇನಿನವರಾಗಿ, ಇನ್ನರ್ಧ ಊರು ಹಸಿದವರಾಗಿ ವೇಷ ಹಾಕಿ, ಮಕ್ಕಳು ಮರಿಗಳೊಂದಿಗೆ ಮೆರವಣಿಗೆ ಹೊರಡುತ್ತದೆ. ಮರದ ಕತ್ತಿಯ ಪಾಠ, ಹಗ್ಗ ಜಗ್ಗಾಟ, ದೊಡ್ಡ ಕಡಾಯಿಯಲ್ಲಿ ಬೀನ್ಸಿನ ಸಾರು. ಸಂಜೆ ನಾಲ್ಕಕ್ಕೆ ಕೋಟೆ ಬಾಗಿಲಲ್ಲಿ ಎಲ್ಲರ ಒಟ್ಟು ಫೋಟೋ.

ಸ್ಪೇನನ್ನು ಕೊಂಡಾಡುವುದೋ ಬೈಯುವುದೋ ಎಂಬ ಬಗ್ಗೆ ಉತ್ಸವ ಸಮಿತಿಯಲ್ಲಿ ಪ್ರತಿ ಚಳಿಗಾಲವೂ ಚರ್ಚೆ ನಡೆಯುತ್ತದೆ, ಪ್ರತಿ ಚಳಿಗಾಲವೂ ಮುಂದಕ್ಕೆ ಹೋಗುತ್ತದೆ. ಮಹಾದೇವಕ್ಕನಿಗೆ ಆ ಚರ್ಚೆಗೆ ಪುರುಸೊತ್ತಿಲ್ಲ. “ಕಟ್ಟಿದವ್ರು ಅವ್ರು, ಕುಂತವ್ರು ಇವ್ರು, ಅರಿವಿ ಒಗಿಯಾಕಿ ನಾನು,” ಎಂದು ಮುಗಿಸಿಬಿಡುತ್ತಾರೆ.

ಮುನ್ನೂರ ಹದಿನೆಂಟು ಜೊತೆ ಬಟ್ಟೆ, ಅರವತ್ತನಾಲ್ಕು ಕೊರಳಪಟ್ಟಿ. ಒಂದೊಂದು ಪಟ್ಟಿಗೂ ಎಪ್ಪತ್ತೆರಡು ನಿರಿಗೆ. ದಂಡನಾಯಕನದಕ್ಕೆ ಮಾತ್ರ ತೊಂಬತ್ತಾರು. ಒಂದು ಪಟ್ಟಿ ನಿಲ್ಲಲು ಐವತ್ತು ನಿಮಿಷ. ವಾರಕ್ಕೆ ನಾಲ್ಕು ದಿನ ಊರಿನ ಹೊಲಿಗೆ ಅಂಗಡಿಯಲ್ಲಿ ಪ್ಯಾಂಟು ಗಿಡ್ಡ ಮಾಡುವ, ಜಿಪ್ಪು ಬದಲಿಸುವ ಕೆಲಸ ಅವರದು. ಈ ಉತ್ಸವಕ್ಕೆಂದೇ ತಮ್ಮ ರಜೆಯಲ್ಲಿ ಎರಡು ವಾರ ಎತ್ತಿಡುತ್ತಾರೆ. ದಿನಕ್ಕೆ ಆರು ಗಂಟೆಯಂತೆ ಒಂಬತ್ತು ದಿನ ನಿಂತರೆ ಪಟ್ಟಿಗಳ ಕೆಲಸ ಮುಗಿಯುತ್ತದೆ. ಒಟ್ಟು ನಾಲ್ಕು ಸಾವಿರದ ಆರುನೂರ ಮೂವತ್ತೆರಡು ನಿರಿಗೆ. ನಿರಿಗೆಗೆ ಎರಡರಂತೆ ಒಂಬತ್ತು ಸಾವಿರಕ್ಕೂ ಮಿಕ್ಕಿ ಶಿವನಾಮ. ತಮ್ಮ ಮತವನ್ನು ಕತ್ತಿಯ ತುದಿಯಲ್ಲಿ ಹೊತ್ತು ತಂದವರ ವೇಷದ ಕೊರಳು ಇಷ್ಟೊಂದು ನಾಮದ ಬಲದ ಮೇಲೆ ನೆಟ್ಟಗೆ ನಿಲ್ಲುತ್ತದೆ. ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ಅದಕ್ಕೂ ಒಂದು ಸಭೆ ಕರೆದಾರು.

ಆದರೆ ಇವತ್ತಿನ ಬೆಳಗು ಉಳಿದ ವರ್ಷಗಳ ಬೆಳಗಿನಂತಲ್ಲ. ಗೋಡೆಯ ಮೊಳೆಗೆ ತೂಗುಹಾಕಿರುವ ಒಂದು ವಸ್ತುವೇ ಅದಕ್ಕೆ ಸಾಕ್ಷಿ: ಬಿಳಿ ಪ್ಲಾಸ್ಟಿಕ್ ಕೊರಳಪಟ್ಟಿ, ನಮೂನೆಗೆಂದು ತರಿಸಿದ್ದು. ಹೋದ ವರ್ಷ ಮೆರವಣಿಗೆಯ ನಡುವೆ ಮಳೆ ಬಂತು. ಅರವತ್ತನಾಲ್ಕು ಪಟ್ಟಿಗಳೂ ಇಪ್ಪತ್ತು ನಿಮಿಷದಲ್ಲಿ ಜೋತುಬಿದ್ದವು. ಒಟ್ಟು ಫೋಟೋದಲ್ಲಿ ಸ್ಪೇನಿನ ಸೈನ್ಯ ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿಕೊಂಡು ಸ್ನಾನದಿಂದ ಎದ್ದು ಬಂದ ಹಾಗೆ ಕಂಡಿತು. ಮಾರ್ಚ್ ತಿಂಗಳ ಸಭೆಯಲ್ಲಿ ಸಮಿತಿ ತೀರ್ಮಾನಿಸಿತು: ಇನ್ನೊಂದು ವರ್ಷ ನೋಡೋಣ. ನಾಲ್ಕು ಗಂಟೆಯ ಫೋಟೋದವರೆಗೆ ಪಟ್ಟಿ ನಿಂತರೆ ಸರಿ. ನಿಲ್ಲದಿದ್ದರೆ ಮುಂದಿನ ವರ್ಷದಿಂದ ಪ್ಲಾಸ್ಟಿಕ್.

“ನಾಯಿಗೆ ಆಪರೇಷನ್ ಆದಮ್ಯಾಲೆ ಗಾಯ ನೆಕ್ಕಬಾರ್ದಂತ ಕೊಳ್ಳಿಗೆ ಒಂದು ಕಟ್ತಾರಲ್ರಿ, ಥೇಟ್ ಹಂಗ ಕಾಣ್ತೈತಿ,” ಎಂದು ಮೊಳೆಯ ಕಡೆ ಗದ್ದ ತೋರಿಸುತ್ತಾರೆ ಮಹಾದೇವಕ್ಕ. “ಮಳಿ ಬಂದದ್ದು ನನ್ನ ತಪ್ಪೇನ್ರಿ? ಈ ದೇಶದಾಗ ಹಲ್ಲು ತೋರ್ಸೂದಕ್ಕೂ, ಕೂದಲಾ ಕತ್ತರಿಸೂದಕ್ಕೂ ಮೊದಲ ಅಫ್‌ಸ್ಪ್ರಾಕ್ ತಗೋಬೇಕು. ಮಳಿ ಒಂದ ಹೇಳದ ಕೇಳದ ಬರೂದು. ಅದನ್ನ ಬಿಟ್ಟು ನನ್ನ ಕೇಳ್ತಾರ.”

ಅಫ್‌ಸ್ಪ್ರಾಕ್ ಎಂದರೆ ಮುಂಗಡ ಗೊತ್ತುಪಡಿಸಿದ ಭೇಟಿ. ಡಚ್ ಭಾಷೆಯಲ್ಲಿ ಅವರು ಮೊದಲು ಕಲಿತ ಪದ ಅದು. ಎರಡನೆಯದು ಫಾರ್ಮುಲಿಯರ್, ಅಂದರೆ ಅರ್ಜಿ ನಮೂನೆ. ಉತ್ಸವ ಸಮಿತಿಯ ಕಾರ್ಯದರ್ಶಿ ಹೌಬರ್ಟ್, ಎಪ್ಪತ್ತರ ಹತ್ತಿರದ ಎತ್ತರದ ಮನುಷ್ಯ, ನಿವೃತ್ತ ಭೂಗೋಳದ ಮೇಷ್ಟ್ರು. ಒಳ್ಳೆಯವರು. ಒಳ್ಳೆಯತನವನ್ನೆಲ್ಲ ಪಟ್ಟಿ ಮಾಡಿ ಫೈಲಿನಲ್ಲಿಡುವವರು. ಕಾದ ಕೋಲಿಗೆ ಸುರಕ್ಷತಾ ಫಾರಂ, ಕೋಣೆಯ ಬೀಗಕ್ಕೆ ಇನ್ನೊಂದು ಫಾರಂ. ಎರಡು ವರ್ಷದ ಹಿಂದೆ ಗಂಜಿಯಲ್ಲಿ ಯಾರಿಗಾದರೂ ಒಗ್ಗದ ಪದಾರ್ಥಗಳಿವೆಯೇ ಎಂದು ಬರೆದುಕೊಡಲು ಕೇಳಿದ್ದರು. ಮಹಾದೇವಕ್ಕ ಬರೆದುಕೊಟ್ಟರು: ಅಕ್ಕಿ, ನೀರು. “ಮತ್ತೇನಾದರೂ?” ಎಂದು ಮತ್ತೆ ಪತ್ರ ಬಂತು. “ಸಿಟ್ಟು ಅಂತ ಬರೀಬೇಕಂದಿದ್ದೆ. ಡಚ್ಚಿನಾಗ ಏನಂತಾರ ಅಂತ ಆಗ ಗೊತ್ತಿರಲಿಲ್ಲ.”

ಗಂಜಿಯ ವಿದ್ಯೆ ಅವರು ಹುಟ್ಟಿದ ಮನೆಯದು. ಗುಳೇದಗುಡ್ಡದಲ್ಲಿ ತಂದೆ ಮುರುಗೆಪ್ಪ ಕೈಮಗ್ಗದ ನೇಕಾರ, ಕುಪ್ಪಸದ ಖಣ ನೇಯುತ್ತಿದ್ದವರು. ಸೂರ್ಯ ಹುಟ್ಟುವ ಮೊದಲು ಓಣಿಯ ಉದ್ದಕ್ಕೆ ಹಾಸುನೂಲನ್ನು ಎಳೆದು ಕಟ್ಟಿ, ಬಿಸಿಲೇರುವುದರೊಳಗೆ ಗಂಜಿ ಹಚ್ಚಿ ಕುಂಚದಿಂದ ತೀಡಿ ಮುಗಿಸಬೇಕು. ಏಳು ವರ್ಷದ ಹುಡುಗಿಗೆ ಗಂಜಿ ಗಡಿಗೆ ಹಿಡಿದು ತಂದೆಯ ಹಿಂದೆ ನಡೆಯುವ ಕೆಲಸ. ಅಪ್ಪ ತೀಡುತ್ತಲೇ ನಾಮ ಹೇಳುತ್ತಿದ್ದರು. ಕುಂಚದ ಹೆಜ್ಜೆ ಆ ಲಯದ ಮೇಲೆ ನಡೆಯುತ್ತಿತ್ತು. ಕೇಳಿ ಕೇಳಿ ಕೈಗೆ ಹತ್ತಿದ್ದು ಕೈಯಲ್ಲೇ ಉಳಿದಿದೆ. ಇಲ್ಲಿ ಈ ಕಮಾನಿನ ಕೋಣೆಯಲ್ಲಿ ಕಣ್ಣು ಮುಚ್ಚಿ ನಿಂತರೆ ಕೇಳಿಸುವುದು ಕೆಲಸದ ಸದ್ದಲ್ಲ, ಪಾರಾಯಣ. ನಾಮ, ಆವಿ, ನಾಮ, ಆವಿ. ನಡುನಡುವೆ ಹೌಬರ್ಟರಿಗೆ ಒಂದು ಬೈಗುಳ, ಅದೂ ತಾಳ ತಪ್ಪದ ಹಾಗೆ.

ಗಂಡ ಬಸವಂತಪ್ಪ ನೂರ್ಡ್‌ವೈಕಿನ ಬಾಹ್ಯಾಕಾಶ ಸಂಶೋಧನಾ ಕೇಂದ್ರದಲ್ಲಿ ಎಂಜಿನಿಯರ್. ಉಪಗ್ರಹದ ಭಾಗಗಳು ಹಾರುವಾಗಿನ ನಡುಕವನ್ನು ತಡೆಯುತ್ತವೆಯೋ ಇಲ್ಲವೋ ಎಂದು ಅಲುಗಿಸಿ ನೋಡುವ ಕೆಲಸ. ಮೊದಲು ವೂರ್‌ಬರ್ಗ್‌ನಲ್ಲಿ ಮೂರು ವರ್ಷ ಬಾಡಿಗೆಗಿದ್ದು ಆಮೇಲೆ ಇಲ್ಲಿಗೆ ಬಂದರು. ಹನ್ನೆರಡು ವರ್ಷದ ವಾಣಿಶ್ರೀ ಶಾಲೆಯಿಂದ ಉತ್ಸವಕ್ಕೆ ಹೊರಟಾಗ ಅವಳಿಗೆ ಕೊಟ್ಟ ಹರಕು ಪಟ್ಟಿಯನ್ನು ತಾಯಿ ಹೊಲಿದು, ಗಂಜಿ ಹಾಕಿ ಕಳಿಸಿದರು. ಇಡೀ ಸೈನ್ಯದಲ್ಲಿ ಆ ಒಂದೇ ಪಟ್ಟಿ ಎದ್ದು ನಿಂತಿತ್ತು. ಮರುದಿನ ಬೆಳಿಗ್ಗೆ ಹೌಬರ್ಟ್ ಬಾಗಿಲು ತಟ್ಟಿದರು. “ಅಫ್‌ಸ್ಪ್ರಾಕ್ ಇಲ್ದ ಅಂವಾ ಬಂದಿದ್ದು ಅದ ಮೊದಲ, ಅದ ಕಡಿ,” ಎನ್ನುತ್ತಾರೆ ಮಹಾದೇವಕ್ಕ.

ಮೊದಲ ವರ್ಷದ ಎಡವಟ್ಟನ್ನು ಊರು ಇನ್ನೂ ಮರೆತಿಲ್ಲ. ಉಗ್ರಾಣದ ಬೀಗದಕೈ ಸಿಕ್ಕಾಗ ಅವರ ಕಣ್ಣಿಗೆ ಬಿದ್ದದ್ದು ಹಸಿದವರ ವೇಷದ ಎಂಬತ್ತು ಜೊತೆ ಚಿಂದಿ ಬಟ್ಟೆ. ಕೊಳಕು, ತೂತು, ಜೋಲು ತೋಳು. ಸಮಿತಿಯ ಸದಸ್ಯರು ಇಡೀ ಚಳಿಗಾಲ ಕೂತು ಚಹಾದ ಕಷಾಯದಲ್ಲಿ ಅದ್ದಿ, ಅರದಿಂದ ಉಜ್ಜಿ, ಅಳತೆಯಿಟ್ಟು ಹರಿದು ಮಾಡಿದ ಚಿಂದಿ ಅದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನೇಕಾರರ ಮಗಳು, ತೂತು ಕಂಡರೆ ಕೈ ಸುಮ್ಮನಿರುವುದೇ? ಎರಡು ವಾರ ಎಂಬತ್ತು ಜೊತೆಯನ್ನೂ ಸಾಬೂನು ಹಾಕಿ ಒಗೆದು, ಇರುವೆ ಸಾಲಿನಂಥ ಹೊಲಿಗೆಯಿಂದ ತೇಪೆ ಹಚ್ಚಿ, ಗೆರೆ ಬೀಳುವಂತೆ ಇಸ್ತ್ರಿ ಮಾಡಿ ಸಾಲಾಗಿ ತೂಗುಹಾಕಿದರು. ಆ ಸಲದ ಮೆರವಣಿಗೆಯಲ್ಲಿ ಆರು ತಿಂಗಳ ಮುತ್ತಿಗೆಯಿಂದ ಬಳಲಿದ ಊರು ಬೀಗರ ಮನೆಗೆ ಹೊರಟ ದಿಬ್ಬಣದಂತೆ ಬಂತು. ದಂಡನಾಯಕನ ವೇಷದಲ್ಲಿದ್ದ ಹೌಬರ್ಟ್ ಅದನ್ನು ನೋಡಿ ಟೊಪ್ಪಿಗೆ ತೆಗೆದು ಎದೆಗೊತ್ತಿಕೊಂಡರಂತೆ, ಯಾರೋ ತೀರಿಕೊಂಡ ಹಾಗೆ.

“ತೂತ ಬೇಕು ಅಂತ ಯಾರ್ ಹೇಳಿದ್ರಿ? ಹಸದವರಾದ್ರ ಏನಾತು, ಅರಿವಿ ಒಕ್ಕೋಬಾರ್ದೇನು? ನಮ್ಮ ಓಣ್ಯಾಗ ಎರಡು ಹೊತ್ತು ಉಂಡವ್ರು ಕಡಿಮಿ, ಹರಕ ಅರಿವಿ ಹಾಕ್ಕೊಂಡು ಹೊರಗ ಬಂದವ್ರು ಒಬ್ರೂ ಇಲ್ಲ.”

ಅಂದಿನಿಂದ ಪ್ರತಿ ಚಿಂದಿಯ ಮೇಲೂ ಒಂದು ರಟ್ಟಿನ ಚೀಟಿ ನೇತಾಡುತ್ತದೆ. ಅದರ ಮೇಲೆ ವಾಣಿಶ್ರೀಯ ದುಂಡಗಿನ ಅಕ್ಷರದಲ್ಲಿ ಕನ್ನಡದ ಒಂದೇ ಪದ: ‘ಹೊಲಿಯಬೇಡ’. ಸಮಿತಿಯೇ ಬರೆಸಿದ್ದು. ಊರಿನ ಇನ್ನಾವ ಫಲಕದಲ್ಲೂ ಇಲ್ಲದ ಲಿಪಿ ಈ ಮದ್ದಿನ ಕೋಣೆಯೊಳಗೆ ಎಂಬತ್ತು ಕಡೆ ಇದೆ.

ಏಳು ಗಂಟೆಗೆ ಕೊನೆಯ ಪಟ್ಟಿ ಮುಗಿಯುತ್ತದೆ. ದಂಡನಾಯಕನದು, ತೊಂಬತ್ತಾರು ನಿರಿಗೆ. ಮಹಾದೇವಕ್ಕ ಅದನ್ನು ಕೈಮೇಲೆ ತಿರುಗಿಸಿ ಬೆಳಕಿಗೆ ಹಿಡಿಯುತ್ತಾರೆ. ಈ ವರ್ಷದ ಗಂಜಿಯಲ್ಲಿ ಅಕ್ಕಿ, ನೀರಿನ ಜೊತೆ ಮೂರನೆಯದೊಂದಿದೆ. ಮಾರ್ಚ್ ತಿಂಗಳ ತೀರ್ಮಾನ ಕೇಳಿದ ಮೇಲೆ ಅವರು ನಾಲ್ಕು ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲವಂತೆ. ಐದನೆಯ ದಿನ, ಮುಸುರೆ ತಿಕ್ಕುತ್ತಿರುವಾಗ ನೆನಪಾಯಿತು: ಮಳೆಗಾಲದಲ್ಲಿ ಅಪ್ಪ ಗಂಜಿ ಆರುವ ಮೊದಲು ಅದಕ್ಕೆ ಚೂರು ಜೇನುಮೇಣ ಹಾಕುತ್ತಿದ್ದರು.

“ಯಾಕ ಅಂತ ಆಗ ಕೇಳಲಿಲ್ರಿ. ಸಣ್ಣಾಕಿ ಇದ್ದೆ, ಗಡಿಗಿ ಭಾರ ಆಗ್ತಿತ್ತು. ಎಷ್ಟು ಹಾಕ್ತಿದ್ದ ಅಂತನೂ ಗೊತ್ತಿಲ್ಲ. ಕೇಳೂಣಂದ್ರ ಅಪ್ಪ ಇಲ್ಲ.”

ಹಾಗಾಗಿ ಮನೆಯ ಬಚ್ಚಲಲ್ಲಿ ಪರೀಕ್ಷೆ ನಡೆಯಿತು. ಶನಿವಾರದ ಸಂತೆಯಲ್ಲಿ ಜೇನು ಮಾರುವವನಿಂದ ಮೇಣದ ಮುದ್ದೆ, ಸುರಿನಾಮಿನವರ ತೋಕೊ ಎಂಬ ದಿನಸಿ ಅಂಗಡಿಯಿಂದ ಅಕ್ಕಿನುಚ್ಚು. ಬಾಸ್ಮತಿಯಲ್ಲಿ ಕಸುವಿಲ್ಲ, ಇಲ್ಲಿನವರು ಹೇಳುವ ಆಲೂಗಡ್ಡೆ ಹಿಟ್ಟು ಬೇಗ ಮೆತ್ತಗಾಗುತ್ತದೆ. ಷವರಿನ ಕೆಳಗೆ ಪಟ್ಟಿ ತೂಗುಹಾಕಿ ನಲ್ಲಿ ತಿರುಗಿಸುವುದು, ಬಸವಂತಪ್ಪ ಮೊಬೈಲಿನಲ್ಲಿ ಸಮಯ ನೋಡುವುದು. ಬರೀ ಗಂಜಿ ಏಳು ನಿಮಿಷ ನಿಂತಿತು. ಮೇಣ ಕಡಿಮೆಯಾದಾಗ ಹನ್ನೆರಡು. ಹೆಚ್ಚಾದಾಗ ಪಟ್ಟಿ ಹಳದಿಗೆ ತಿರುಗಿ ಅರಿಶಿನಶಾಸ್ತ್ರದ ಮದುಮಗನ ಶಲ್ಯದಂತಾಯಿತು. ಒಂಬತ್ತು ಸಲ ಕೆಟ್ಟು ಹತ್ತನೆಯ ಸಲಕ್ಕೆ ಅಳತೆ ಸಿಕ್ಕಿತು: ಒಂದು ಪಾತ್ರೆ ಗಂಜಿಗೆ ನೆಲ್ಲಿಕಾಯಿಯಷ್ಟು ಮೇಣ. ನಲವತ್ತು ನಿಮಿಷ ಕಳೆದರೂ ಪಟ್ಟಿ ಬಾಗಲಿಲ್ಲ. ಬಸವಂತಪ್ಪ ಅವತ್ತು ಆಫೀಸಿಗೆ ತಡವಾಗಿ ಹೋದರು. “ನಮ್ಮಲ್ಲಿ ಉಪಗ್ರಹಕ್ಕೂ ಇಷ್ಟು ತ್ರಾಸ ಕೊಡಂಗಿಲ್ರಿ,” ಎಂದು ಅವರು ನಗುತ್ತಾರೆ. “ಒಂದು ತಿಂಗಳು ಜಳಕಾ ಮಾಡಬೇಕಂದ್ರ ಮೊದಲ ಸ್ಪೇನಿನವ್ರ ಪಾಳಿ, ಆಮ್ಯಾಲೆ ನಂದು.”

ಎಂಟಕ್ಕೆ ಬಾಗಿಲು ತೆರೆಯುತ್ತದೆ, ಜನ ನುಗ್ಗುತ್ತಾರೆ. ಎಲ್ಲ ಮಕ್ಕಳಿಗೂ ಸ್ಪೇನಿನವರೇ ಆಗಬೇಕು. ಹಸಿದವರಾಗಲು ಯಾರೂ ಒಲ್ಲರು. ಪಟ್ಟಿ ಕಟ್ಟುವುದಕ್ಕೆ ಮಹಾದೇವಕ್ಕನದೇ ಒಂದು ಕ್ರಮವಿದೆ. ಅವರು ಐದಡಿಗಿಂತ ಚೂರೇ ಎತ್ತರ, ಬರುವವರು ಆರಡಿ ಮೇಲಿನ ಮರಗಳು. ಆದ್ದರಿಂದ ಪ್ರತಿಯೊಬ್ಬರೂ ಬಾಗಿಲ ಬಳಿಯ ಸಣ್ಣ ಸ್ಟೂಲಿನ ಮೇಲೆ ಕೂತು, ಬೆನ್ನು ತಿರುಗಿಸಿ, ತಲೆ ಬಗ್ಗಿಸಬೇಕು. ಹಿಂದಿನಿಂದ ದಾರವನ್ನು ಎರಡು ಸುತ್ತು ಕಟ್ಟಿ, ಬೆನ್ನಿಗೊಂದು ಮೆಲ್ಲಗೆ ತಟ್ಟಿ ಎಬ್ಬಿಸುತ್ತಾರೆ. ವಾಪಸು ಬಂದಾಗಲೂ ಹೀಗೇ ಕೂತು ದಾರ ಬಿಚ್ಚಿಸಿಕೊಳ್ಳಬೇಕು ಎಂಬುದು ನಿಯಮ. ಹನ್ನೊಂದು ವರ್ಷಗಳಲ್ಲಿ ಅದನ್ನು ಪಾಲಿಸಿದವರನ್ನು ಬೆರಳಲ್ಲಿ ಎಣಿಸಬಹುದು. ಮೆರವಣಿಗೆ ಮುಗಿದದ್ದೇ ತಡ, ಹಿಡಿದು ತಲೆಯ ಮೇಲಿಂದ ಎಳೆದುಬಿಡುತ್ತಾರೆ. ಮಳೆಗಿಂತ ಹೆಚ್ಚು ಪಟ್ಟಿಗಳನ್ನು ಕೊಂದದ್ದು ಆ ಎಳೆತ.

ಆಮರ್ಸ್‌ಫೋರ್ಟ್‌ನಿಂದ ಏಳು ವರ್ಷದ ಮಗಳು ಸ್ಮೃತಿಯನ್ನು ಕರೆದುಕೊಂಡು ಸುಜಯ್ ಬಂದಿದ್ದಾನೆ. ಬೆಂಗಳೂರಿನವನು, ವಾಣಿಶ್ರೀಯ ಸಹೋದ್ಯೋಗಿ.

“ಅಕ್ಕಾ, ಆನ್‌ಲೈನ್ ಬುಕ್ ಮಾಡಿದ್ವಲ್ಲ. ಇಬ್ಬರಿಗೂ ಸ್ಪ್ಯಾನಿಷ್. ಸ್ವಲ್ಪ ಬೇಗ ಕೊಡಿ, ಪಾರ್ಕಿಂಗ್ ಟೈಮ್ ಮುಗಿಯುತ್ತೆ.”

“ಕೂಡಪಾ ಮೊದಲ. ಜಾಕೆಟ್ ತಗಿ. ಅದರ ಮ್ಯಾಲ ಹಾಕ್ಕೊಳ್ಳಾಕ ಇದೇನ್ ಕಂಬಳೀನ?”

“ಚಳಿ ಅಕ್ಕಾ. ಅಡ್ಜಸ್ಟ್ ಮಾಡಿ, ಬರೀ ಫೋಟೋಗೆ ತಾನೆ?”

“ಬರೀ ಫೋಟೋಕ್ಕಂತ ಗೊತ್ತಿದ್ರ ಒಂಬತ್ತು ದಿನ ಯಾಕ ನಿಲ್ತಿದ್ದೆ? ಪೇಪರ್‌ದಾಗ ಕತ್ತರಿಸಿ ಕೊಡ್ತಿದ್ದೆ. ತಲಿ ಬಗ್ಗಿಸು.”

ಸುಜಯ್ ತಲೆ ಬಗ್ಗಿಸುತ್ತಾನೆ. ಸ್ಮೃತಿ ಡಚ್ಚಿನಲ್ಲಿ ಏನೋ ಕೇಳುತ್ತಾಳೆ. ನಾನು ದೊಡ್ಡವಳಾದರೆ ದಂಡನಾಯಕಿ ಆಗಬಹುದಾ ಎಂದು. “ಆಗ್ಬಹುದವಾ. ಆದ್ರ ಮೊದಲ ದಾರ ಬಿಚ್ಚೂದು ಕಲಿ,” ಎಂದು ಮಹಾದೇವಕ್ಕ ಕನ್ನಡದಲ್ಲೇ ಉತ್ತರಿಸುತ್ತಾರೆ. ಅವಳಿಗೆ ಅರ್ಥವಾದಂತೆ ಕಾಣುತ್ತದೆ. ಅಪ್ಪನಿಗೆ ಆದಂತಿಲ್ಲ, ಮೊಬೈಲ್ ನೋಡುತ್ತಿದ್ದಾನೆ.

ಕೊನೆಗೆ ಹೌಬರ್ಟ್ ಬರುತ್ತಾರೆ, ಕಪ್ಪು ನಿಲುವಂಗಿ, ಸೊಂಟದಲ್ಲಿ ಕತ್ತಿ, ಕೈಯಲ್ಲಿ ಫೈಲು. ಹವಾಮಾನದ ಮುನ್ಸೂಚನೆಯನ್ನು ಓದಿ ಹೇಳುತ್ತಾರೆ: ಒಂದೂವರೆಯಿಂದ ಎರಡೂವರೆವರೆಗೆ ಮಳೆ. ಮೊಳೆಯಲ್ಲಿರುವ ಪ್ಲಾಸ್ಟಿಕ್ಕಿನ ಕಡೆ ಅವರ ಕಣ್ಣು ಹೋಗುತ್ತದೆ, ಮರಳುತ್ತದೆ. ಮಹಾದೇವಕ್ಕ ಸ್ಟೂಲು ತೋರಿಸುತ್ತಾರೆ. ದಂಡನಾಯಕ ಕೂರುತ್ತಾರೆ. ಇವತ್ತು ದಾರ ಎರಡರ ಬದಲು ಮೂರು ಸುತ್ತು.

ಹನ್ನೆರಡಕ್ಕೆ ನಗಾರಿ ಮೊಳಗುತ್ತದೆ. ಮೆರವಣಿಗೆ ದಿಬ್ಬದ ಆಚೆ ಬದಿಯಿಂದ ಹೋಗುತ್ತದೆ; ಈ ಕೋಣೆಗೆ ಅದರ ಸದ್ದಷ್ಟೇ ಬರುತ್ತದೆ. ಜ್ವರ ಬಂದ ಮಗು, ಕಿತ್ತುಹೋದ ಗುಂಡಿ, ಮರೆತ ಟೊಪ್ಪಿಗೆ ಎಂದು ಯಾರಾದರೂ ಬರುತ್ತಲೇ ಇರುವುದರಿಂದ ಮಹಾದೇವಕ್ಕ ಬಾಗಿಲು ಬಿಟ್ಟು ಕದಲುವಂತಿಲ್ಲ. ಒಂದು ಇಪ್ಪತ್ತೈದಕ್ಕೆ ಆಕಾಶ ಕಪ್ಪಾಗುತ್ತದೆ. ಒಂದೂವರೆಗೆ, ಒಂದು ನಿಮಿಷವೂ ಹಿಂದುಮುಂದಾಗದೆ, ಮಳೆ. ಈ ದೇಶದಲ್ಲಿ ಕೊನೆಗೂ ಮಳೆ ಅಫ್‌ಸ್ಪ್ರಾಕ್ ಪಾಲಿಸಿದ್ದು ಇವತ್ತೇ ಆಗಬೇಕಿತ್ತು.

ಫೋನು ಗುನುಗುಡುತ್ತದೆ. ಬಸವಂತಪ್ಪ. ಅವರು ಮೆರವಣಿಗೆಯಲ್ಲಿದ್ದಾರೆ, ಹಸಿದವರ ವೇಷ. ಮಹಾದೇವಕ್ಕನ ಎರಡೂ ಕೈಯಲ್ಲಿ ಬಟ್ಟೆ. ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಒತ್ತುತ್ತಾರೆ.

“ಮಾದೇವೀ, ಮಳಿ ಬಂತು.”

“ನನಗೇನ್ ಕಣ್ಣಿಲ್ಲೇನ್ರಿ? ಪಟ್ಟಿ ಏನಾದ್ವು ಅದನ್ನ ಹೇಳ್ರಿ.”

“ಕಾಣವಲ್ದು. ನಾ ಹಿಂದ ಅದೀನಿ, ಹಸದವರ ಸಾಲಿನಾಗ.”

“ಮುಂದ ಹೋಗಿ ನೋಡ್ರಿ ಮತ್ತ!”

“ಹಸದವ್ರು ದಂಡಿನ ಮುಂದ ಹೋಗಂಗಿಲ್ಲ. ಹೌಬರ್ಟ್ ಇತಿಹಾಸ ಕೆಡಿಸ್ದಿ ಅಂತಾನ.”

“ಅಂವನ ಇತಿಹಾಸ ಸುಡ್ಲಿ. ಓಡ್ರಿ!”

ಫೋನು ಕಡಿದುಹೋಗುತ್ತದೆ. ಮತ್ತೆ ಮಾಡಿದರೆ ಎತ್ತುವುದಿಲ್ಲ. ಮಹಾದೇವಕ್ಕ ಬಾಗಿಲಲ್ಲಿ ನಿಂತು ಮಳೆ ನೋಡುತ್ತಾರೆ. ಹೋದ ವರ್ಷದ್ದಕ್ಕಿಂತ ಜೋರಾಗಿದೆ. ಒಳಗೆ ಬಂದು, ಮಡಿಸಿದ್ದ ಶರ್ಟುಗಳನ್ನು ಬಿಚ್ಚಿ ಮತ್ತೆ ಮಡಿಸುತ್ತಾರೆ. ತುಟಿ ಅಲುಗುತ್ತಿದೆ. ಕೈಯಲ್ಲಿ ಕೋಲಿಲ್ಲ, ನಿರಿಗೆಯಿಲ್ಲ. ಆದರೂ ಎರಡೆರಡು ಬಾರಿ, ಸಣ್ಣ ವಿರಾಮ, ಮತ್ತೆ ಎರಡೆರಡು ಬಾರಿ. “ನಲವತ್ತು ನಿಮಿಷ ನೋಡಿದ್ದೀವ್ರಿ ಬಚ್ಚಲದಾಗ,” ಎನ್ನುತ್ತಾರೆ ನಡುವೆ ಒಮ್ಮೆ. “ಒಂದು ತಾಸು ನೋಡಿಲ್ಲ. ಬಿಸಿನೀರು ಆರಿ ಹೋಗ್ತೈತಂತ ನಮ್ಮನಿಯವ್ರು ಜಳಕಕ್ಕ ಹೊಕ್ಕರು.”

ಎರಡೂವರೆಗೆ ಜೋರು ಮಳೆ ನಿಂತು ಬಿಡದ ತುಂತುರಷ್ಟೇ ಉಳಿಯುತ್ತದೆ. ನಾಲ್ಕಕ್ಕೆ ಕೋಟೆ ಬಾಗಿಲ ಕಡೆಯಿಂದ ಒಂದು ಜಯಕಾರ. ಫೋಟೋ ಆಯಿತೆಂದು ಅರ್ಥ. ಚೆನ್ನಾಗಿ ಬಂದರೂ ಕೆಟ್ಟು ಬಂದರೂ ಡಚ್ಚರ ಜಯಕಾರ ಒಂದೇ ಥರ ಇರುತ್ತದೆಯಾದ್ದರಿಂದ ಅದರಿಂದ ಏನೂ ತಿಳಿಯುವುದಿಲ್ಲ.

ಮೊದಲು ಓಡಿಬರುವುದು ಸ್ಮೃತಿ. ಬಟ್ಟೆ ತೊಯ್ದು ಮೈಗಂಟಿದೆ, ಟೊಪ್ಪಿಗೆಯ ಗರಿ ಮೂಗಿನ ಮೇಲೆ ಬಿದ್ದಿದೆ. ಕೊರಳಪಟ್ಟಿ ನಿಂತಿದೆ. ನಿರಿಗೆ ನಿರಿಗೆಯ ತುದಿಯಲ್ಲೂ ಒಂದೊಂದು ಹನಿ ಕೂತಿದೆ, ಒಳಗೆ ಇಳಿದಿಲ್ಲ. ಹುಡುಗಿ ಯಾರೂ ಹೇಳದೆ ಸ್ಟೂಲಿನ ಮೇಲೆ ಕೂತು ಬೆನ್ನು ತಿರುಗಿಸುತ್ತಾಳೆ. ಮಹಾದೇವಕ್ಕ ದಾರಕ್ಕೆ ಕೈ ಹಾಕುವ ಮೊದಲು ಒಂದು ಬೆರಳಿನಿಂದ ಪಟ್ಟಿಯನ್ನು ಮೆಲ್ಲಗೆ ತಟ್ಟುತ್ತಾರೆ. ಹನಿಗಳು ಉದುರುತ್ತವೆ. ಪಟ್ಟಿ ಅಲುಗಿ, ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಆಮೇಲಷ್ಟೇ ದಾರ ಬಿಚ್ಚುತ್ತಾರೆ.

ಹಿಂದೆಯೇ ಸುಜಯ್ ಬರುತ್ತಾನೆ, ತನ್ನ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು. ದಾರ ಕಿತ್ತಿದೆ, ಒಂದು ಬದಿಯ ಹನ್ನೆರಡು ನಿರಿಗೆ ಹರಿದು ನೇತಾಡುತ್ತಿವೆ.

“ಸಾರಿ ಅಕ್ಕಾ. ಸ್ವಲ್ಪ ಟೈಟ್ ಇತ್ತು, ಎಳೆದೆ.”

“ಒಂದು ತಾಸು ಮಳಿ ತಡಕೊಂತಪಾ ಅದು. ನಿನ್ನ ತಡಕೊಳ್ಳಲಿಲ್ಲ.”

ಐದು ಗಂಟೆಯ ಹೊತ್ತಿಗೆ ಒಂದನ್ನು ಬಿಟ್ಟು ಎಲ್ಲ ಪಟ್ಟಿಗಳೂ ಮೇಜಿನ ಮೇಲಿವೆ. ಮೂರು ಹಾಳಾಗಿವೆ: ಒಂದರ ಮೇಲೆ ಯಾರೋ ಕೂತಿದ್ದಾರೆ, ಒಂದು ಬೀನ್ಸಿನ ಸಾರಿಗೆ ಬಿದ್ದಿದೆ, ಒಂದು ಸುಜಯ್‌ನದು. ಮಳೆಗೆ ಸೋತದ್ದು ಒಂದೂ ಇಲ್ಲ. ಬಸವಂತಪ್ಪ ಚಳಿಯಲ್ಲಿ ನಡುಗುತ್ತ ಬಂದು, ತಾವು ಓಡಿ ಮುಂದೆ ಹೋದದ್ದನ್ನೂ ಹೌಬರ್ಟ್ ತಡೆದು ವಾಪಸು ಕಳಿಸಿದ್ದನ್ನೂ ವರದಿ ಮಾಡುತ್ತಾರೆ. “ಹಸದವ್ರಿಗೆ ಎಲ್ಲಿ ಮರ್ಯಾದಿ ಐತಿ?” ಎಂದು ಚಹಾ ಕೇಳುತ್ತಾರೆ.

ಅರವತ್ತನಾಲ್ಕನೆಯ ಪಟ್ಟಿ ಇನ್ನೂ ದಂಡನಾಯಕನ ಕೊರಳಲ್ಲಿದೆ. ಹೌಬರ್ಟ್ ಬಾಗಿಲಲ್ಲಿ ನಿಂತಿದ್ದಾರೆ. ಗಡ್ಡದಿಂದ ನೀರು ತೊಟ್ಟಿಕ್ಕಿ ಆ ಬಿಳಿ ಹರಿವಾಣದ ಮೇಲೆ ಬದಿಗೆ ಹರಿಯುತ್ತಿದೆ. ಹನ್ನೊಂದು ವರ್ಷದ ರೂಢಿಯಂತೆ ಎರಡೂ ಕೈಗಳು ಪಟ್ಟಿಯ ಅಂಚಿಗೆ ಏರುತ್ತವೆ, ಎಳೆಯಲು. ಮಹಾದೇವಕ್ಕ ನೋಡುತ್ತಾರೆ, ಬರೀ ನೋಟ. ಕೈಗಳು ಇಳಿಯುತ್ತವೆ. ಆರಡಿ ಮೂರಂಗುಲದ ದಂಡನಾಯಕ ಕತ್ತಿಯನ್ನು ಬದಿಗಿಟ್ಟು, ಸ್ಟೂಲಿನ ಮೇಲೆ ಕೂತು, ಬೆನ್ನು ತಿರುಗಿಸಿ, ತಲೆ ಬಗ್ಗಿಸುತ್ತಾರೆ. ಮೂರು ಸುತ್ತಿನ ಗಂಟು ಮಳೆಗೆ ಬಿಗಿದುಕೊಂಡಿದೆ. ಬಿಚ್ಚಲು ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತೂ ಅವರು ಅಲುಗುವುದಿಲ್ಲ.

ಪಟ್ಟಿ ಕೈಗೆ ಬಂದ ಮೇಲೆ ಎದ್ದು ನಿಂತು ಹೇಳುತ್ತಾರೆ: “ಪ್ಲಾಸ್ಟಿಕ್ ಪಟ್ಟಿಯ ವಿಷಯ ಸೆಪ್ಟೆಂಬರ್ ಸಭೆಯ ಕಾರ್ಯಸೂಚಿಯಲ್ಲಿದೆ, ಮೆವ್ರೌ.” ಮೆವ್ರೌ ಎಂದರೆ ಅಮ್ಮಾವ್ರೇ. ಮುಂದುವರಿಸುತ್ತಾರೆ: “ಅದನ್ನು ಕಾರ್ಯಸೂಚಿಯಿಂದ ತೆಗೆಯಲು ಒಂದು ಫಾರಂ ಇದೆ. ನಾಳೆ ಬೆಳಿಗ್ಗೆ ತುಂಬುತ್ತೇನೆ.” ಮೊಳೆಯಲ್ಲಿದ್ದ ನಮೂನೆಯನ್ನು ತಾವೇ ಇಳಿಸಿ, ಫೈಲಿನ ಜೊತೆ ಕಂಕುಳಲ್ಲಿಟ್ಟುಕೊಂಡು ಹೊರಟುಹೋಗುತ್ತಾರೆ.

“ನೋಡಿದ್ರ್ಯೋ ಇಲ್ಲೋ?” ಎಂದು ಮಹಾದೇವಕ್ಕ ಈ ಕಡೆ ತಿರುಗುತ್ತಾರೆ. “ಚಲೋ ಆತು ಅನ್ನಾಕೂ ಒಂದು ಫಾರಂ ಬೇಕು ಇವ್ರಿಗೆ.”

ಕತ್ತಲಾಗಲು ಇನ್ನೂ ಐದು ಗಂಟೆ ಇದೆ. ಮೇಜಿನ ಮೇಲೆ ಅರವತ್ತೊಂದು ಪಟ್ಟಿ ನೆಟ್ಟಗೆ, ಮೂರು ಮಲಗಿ. ಅವರು ಸೂಜಿಗೆ ದಾರ ಪೋಣಿಸಿ ಸುಜಯ್‌ನ ಪಟ್ಟಿಯನ್ನು ಮೊದಲು ಎತ್ತಿಕೊಳ್ಳುತ್ತಾರೆ. ಇಷ್ಟೆಲ್ಲ ಮಾಡಿದ್ದಕ್ಕೆ ಊರಿನಿಂದ ಏನು ಬಯಸುತ್ತೀರಿ ಎಂದರೆ ಹೊಲಿಗೆಯಿಂದ ಕಣ್ಣೆತ್ತುವುದಿಲ್ಲ.

“ನನಗೇನ್ ಬ್ಯಾಡ್ರಿ. ವರ್ಷಾ ಒಂದು ಹೂವಿನ ಗುಚ್ಛ ಕೊಡ್ತಾರ, ಅದೂ ಬ್ಯಾಡ, ಸೀನು ಬರ್ತಾವು. ಎಳೀಬ್ಯಾಡ್ರಿ, ಕುಂತು ದಾರ ಬಿಚ್ಚಿಸ್ಕೋರಿ ಅಂತ ಒಂದ ಮಾತು ನಿಮ್ಮ ಪೇಪರ್‌ದಾಗ ಬರೀರಿ. ಕನ್ನಡದಾಗ ಬರದ್ರ ಈ ಊರವ್ರು ಓದಂಗಿಲ್ಲ, ಗೊತ್ತೈತಿ. ಇರ್ಲಿ.” ಹರಿದ ಹನ್ನೆರಡು ನಿರಿಗೆಯಲ್ಲಿ ಮೊದಲನೆಯದಕ್ಕೆ ಸೂಜಿ ಇಳಿಸುತ್ತಾರೆ. “ನಮ್ಮ ಸುಜಯ್ ಆದ್ರೂ ಓದ್ಲಿ.”